ವಾರಕ್ಕೊಂದು ಕ್ಯಾಪ್ಸೂಲ್

ಮಾರ್ಚ್ 3, ಸೋಮವಾರ

ಮೂರು ಪ್ಯಾಂಟಿನ ಅಂಚು, ಎರಡು ಜಿಪ್, ಒಂದು ಕೋಟಿನ ತೋಳು. ಅದೇ ಹಿಂದಿನ ಕೋಣೆ, ಅದೇ ಟ್ಯೂಬ್‌ಲೈಟ್. ಊಟವಾದ ಮೇಲೆ ಕ್ಯಾಪ್ಸೂಲ್ ನುಂಗಿದೆ. ವಿಟಮಿನ್ ಡಿ, ಅರವತ್ತು ಸಾವಿರ ಯೂನಿಟ್ಟಿನದು. ವಾರಕ್ಕೊಂದು, ಸೋಮವಾರ. ರಕ್ತದ ರಿಪೋರ್ಟಿನಲ್ಲಿ ಬರೀ ಏಳು ಇತ್ತು. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ ಹತ್ತುವುದೇ ಇಲ್ಲವಂತೆ. ಹೊಲಿಗೆ ಮಷಿನ್ನಿನ ಪೆಡಲ್ ತುಳಿದು ತುಳಿದು ಪಾದದ ಮೂಳೆ ಬಿರುಕು ಬಿಟ್ಟದ್ದು ಸುಮ್ಮನೆ ಅಲ್ಲ.

ಅಕ್ಕನಿಗೆ ಮಾತ್ರ ಅದು ನಾಟಕ. "ಕೂತು ಮಾಡೋ ಕೆಲಸಕ್ಕೆ ಕಾಲು ಮುರಿಯುತ್ತಾ? ಗಾಜಿನ ಬೊಂಬೆ ಕಣ್ರೀ ನನ್ನ ತಂಗಿ!" ಅಂಗಡಿ ತುಂಬ ಗಿರಾಕಿಗಳು. ಎಲ್ಲರೂ ನಕ್ಕರು. ಈಗ ಬಂದವರೆಲ್ಲ "ಬೊಂಬೆ ಇದ್ದಾಳಾ?" ಎಂದೇ ಕೇಳುವುದು.

ಅಪ್ಪ ಹೋದ ಮೇಲೆ ಗಾಜಿನ ಕಿಟಕಿಯ ಪಕ್ಕದ ಮಷಿನ್ ಅವಳದಾಯಿತು. ಕಿಟಕಿಯೇ ಇಲ್ಲದ ಕೋಣೆ ನನಗೆ. ಹನ್ನೊಂದು ವರ್ಷ! ನನ್ನ ಪಾಲಿನ ಬಿಸಿಲನ್ನೂ ಅವಳೇ ತಿಂದಳು. ಸಾಯುವವರೆಗೂ ಮರೆಯುವುದಿಲ್ಲ.

ಮಾರ್ಚ್ 14, ಶುಕ್ರವಾರ

ಅಕ್ಕ ಕಸದ ಬುಟ್ಟಿಯಿಂದ ನನ್ನ ಖಾಲಿ ಸ್ಟ್ರಿಪ್ ಎತ್ತಿಕೊಂಡು ಹೋಗಿ, ಮೆಡಿಕಲ್ ಶಾಪಿನಲ್ಲಿ "ಇದೇ ಕೊಡಿ" ಅಂದಿದ್ದಾಳೆ. ಚಿಕ್ಕಂದಿನಲ್ಲಿ ನನ್ನ ರಿಬ್ಬನ್, ಆಮೇಲೆ ನನ್ನ ಕತ್ತರಿ, ಈಗ ಇದು. ಹುಟ್ಟುಗುಣ ಸುಟ್ಟರೂ ಹೋಗದು.

"ನಿನ್ನ ಕುಂಟು ಕಮ್ಮಿ ಆಯ್ತಲ್ಲ, ನಂಗೂ ಹಿಮ್ಮಡಿ ನೋವು" ಅಂದಳು. ಡಾಕ್ಟರ ಹತ್ತಿರ ಹೋಗುವ ಜಾಯಮಾನ ಅವಳದಲ್ಲ. ಊಟದ ಮೇಲೆ ಒಂದು ನುಂಗಿದಳು. ನೀರು ನಾನೇ ಕೊಟ್ಟೆ.

ಮಾರ್ಚ್ 15

ಇವತ್ತೂ ಒಂದು ನುಂಗಿದಳು.

ಮಾರ್ಚ್ 16, ಭಾನುವಾರ

ಇವತ್ತೂ... ದಿನಕ್ಕೊಂದು ಎಂದುಕೊಂಡಿದ್ದಾಳೆ! ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳೇ, "ಏನೇ ಬೊಂಬೆ, ಬಾಯಿ ಬಿಟ್ಕೊಂಡು ನೋಡ್ತೀಯ? ನೀರು ತಾ" ಅಂದಳು.

ತಂದುಕೊಟ್ಟೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಏಪ್ರಿಲ್ 9, ಬುಧವಾರ, ಸಂಜೆ 5

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಏಳು ಇದ್ದದ್ದು ಇಪ್ಪತ್ತಾರಾಗಿದೆ. ಖುಷಿಪಟ್ಟರು. ಹಾಗೇ ಮಾತಿಗೆ ಮಾತು ಬಂದು ಕೇಳಿದೆ — "ದಿನಾ ಒಂದು ತಗೊಂಡ್ರೆ ಏನಾಗುತ್ತೆ?"

ಪೆನ್ನು ಕೆಳಗಿಟ್ಟರು. "ಅತಿಯಾದ್ರೆ ಅಮೃತಾನೂ ವಿಷ ಅಮ್ಮ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ಬಾಯಾರಿಕೆ, ವಾಂತಿ, ಕೊನೆಗೆ ಕಿಡ್ನಿಗೇ ಬರುತ್ತೆ. ಯಾಕೆ, ಯಾರಾದ್ರೂ ತಗೋತಿದ್ದಾರಾ?"

"ಇಲ್ಲ, ಸುಮ್ನೆ ಕೇಳ್ದೆ."

ಮಾತು ಬದಲಿಸಲು ಅಕ್ಕನ ಕಿಟಕಿಯ ಬಿಸಿಲಿನ ಕಥೆ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. "ಗಾಜಿನೊಳಗಿಂದ ಬಂದ ಬಿಸಿಲಲ್ಲಿ ಸೆಕೆ ಅಷ್ಟೇ. ವಿಟಮಿನ್ ಡಿ ಮಾಡೋ ಕಿರಣಾನ ಗಾಜು ಒಳಗೇ ಬಿಡಲ್ಲ. ಅವರದೂ ನಿಮ್ಮಷ್ಟೇ ಕಮ್ಮಿ ಇರುತ್ತೆ, ಕರ್ಕೊಂಡು ಬನ್ನಿ."

ಅಂದರೆ ಅವಳಿಗೂ ಏನೂ ಸಿಕ್ಕಿರಲಿಲ್ಲ. ಹನ್ನೊಂದು ವರ್ಷ ನಾನು ಹೊಟ್ಟೆ ಉರಿಸಿಕೊಂಡದ್ದು ಬರೀ ಬೆಳಕಿಗೆ. ದಾರಿಯುದ್ದಕ್ಕೂ ಅದೇ ಯೋಚನೆ. ಹೇಳಿಬಿಡಲಾ?

ಆದರೆ ಅಕ್ಕ ನನ್ನನ್ನು ಆಡಿಕೊಂಡು ನಕ್ಕದ್ದು? ನಾಲ್ಕು ಜನರ ಮುಂದೆ ನಕ್ಕದ್ದಂತೂ ಸುಳ್ಳಲ್ಲ. ಹೇಳಲಿಲ್ಲ.

ಏಪ್ರಿಲ್ 20, ಭಾನುವಾರ

ಅಕ್ಕ ಮಧ್ಯಾಹ್ನದೊಳಗೆ ಎರಡು ಬಾಟಲಿ ನೀರು ಖಾಲಿ ಮಾಡಿದಳು. ಗಳಿಗೆಗೊಮ್ಮೆ ಬಾತ್‌ರೂಮಿಗೆ ಓಟ. ಊಟ ಸೇರುವುದಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ನಿನ್ನೆ ಬ್ಯಾಂಕಿನ ಮ್ಯಾನೇಜರ್ ಕೋಟಿಗೆ ತೋಳು ಹಿಂದುಮುಂದು ಮಾಡಿ ಹೊಲಿದಿದ್ದಾಳೆ. ಟ್ರಯಲ್ ರೂಮಿನಿಂದ ಆತ ಹೊರಗೆ ಬಂದದ್ದೇ ಅಂಗಡಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು. ಹೊಟ್ಟೆ ತಣ್ಣಗಾಯಿತು.

ಮೇ 2, ಶುಕ್ರವಾರ

ಬೆಳಗ್ಗೆಯಿಂದ ವಾಂತಿ. ಮಷಿನ್ ಮೇಲೆ ತಲೆಯಿಟ್ಟು ಕೂತಿದ್ದಳು.

"ಶಕ್ತೀನೇ ಇಲ್ಲ ಕಣೇ. ಕ್ಯಾಪ್ಸೂಲ್ ಎರಡು ತಗೊಳ್ಲಾ?"

ಇಷ್ಟು ದಿನದಲ್ಲಿ ಮೊದಲ ಸಲ ನನ್ನನ್ನು ಕೇಳಿದಳು.

"ಬೇಡಕ್ಕ. ಒಂದೇ ಸಾಕು" ಅಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಹಾಗಂತ ತಪ್ಪೇನು ಹೇಳಿದೆ? ಎರಡು ತಿನ್ನು ಅನ್ನಲಿಲ್ಲವಲ್ಲ.

"ಪಾಪ, ನೀನಿಲ್ದಿದ್ರೆ ನನ್ನ ಯಾರು ನೋಡ್ತಿದ್ರು" ಅಂದಳು ನೀರು ಕುಡಿದು. "ನಾಳೆಯಿಂದ ಕಿಟಕಿ ಪಕ್ಕ ನೀನೇ ಕೂತ್ಕೋ."

ಮೇ 6, ಮಂಗಳವಾರ

ಕಿಟಕಿಯ ಪಕ್ಕ ಕೂತು ನಾಲ್ಕನೇ ದಿನ. ಬಿಸಿಲು ಕೈಮೇಲೆ ಬೀಳುತ್ತದೆ. ಸೆಕೆ ಅಷ್ಟೇ.

ಚಾಕ್ ಬಿತ್ತೆಂದು ಬಗ್ಗಿದರೆ, ಮಷಿನ್ ಕೆಳಗೆ ಒಂದು ಮೋಟು ಸ್ಟೂಲು. ಅದರ ಮೇಲೆ ಮೆತ್ತೆ, ಬಿಸಿನೀರಿನ ಚೀಲ, ಸವೆದು ತೆಳ್ಳಗಾದ ಕ್ರೇಪ್ ಬ್ಯಾಂಡೇಜು. ಎಷ್ಟು ವರ್ಷದ್ದೋ. ಹಿಮ್ಮಡಿ ಅಲ್ಲಿಟ್ಟುಕೊಂಡೇ ಹೊಲಿಯುತ್ತಿದ್ದಳೇನೋ. ಯಾರಿಗೂ ಹೇಳಿರಲಿಲ್ಲ. ನನ್ನನ್ನು ಗಾಜಿನ ಬೊಂಬೆ ಅಂದ ದಿನವೂ ಕಾಲು ಅಲ್ಲೇ ಇತ್ತೇ?

ಹೇಳಿಬಿಡಬೇಕು. ಇವತ್ತು ಮಲಗಿದ್ದಾಳೆ. ನಾಳೆ ಹೇಳುತ್ತೇನೆ.

ಮೇ 8, ಗುರುವಾರ, ಬೆಳಗ್ಗೆ 11, ಆಸ್ಪತ್ರೆ

ನಿನ್ನೆ ಅಕ್ಕ ನನ್ನನ್ನು ಅಮ್ಮಾ ಎಂದು ಕರೆದಳು. ಎಲ್ಲಿದ್ದೇನೆ ಎಂದು ಕೇಳಿದಳು. ಆಟೋದಲ್ಲಿ ಇಲ್ಲಿಗೆ ಕರೆತಂದೆ. ಕ್ಯಾಲ್ಸಿಯಂ ಸಿಕ್ಕಾಪಟ್ಟೆ ಏರಿದೆ. ಡ್ರಿಪ್ ಹಾಕಿದ ಮೇಲೆ ಇವತ್ತು ತುಸು ಪರವಾಗಿಲ್ಲ. ಕಿಡ್ನಿಯ ವಿಷಯ ಈಗಲೇ ಹೇಳಲಾಗದಂತೆ.

ರೌಂಡ್ಸಿಗೆ ಬಂದವರು ಅದೇ ಡಾಕ್ಟರಮ್ಮ. ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದರು.

"ತಂಗಿ ತಗೊಳ್ಳೋದೇ. ದಿನಾ ಒಂದು. ಅವಳೇ ನೀರು ಕೊಡ್ತಾಳೆ ಪಾಪ" ಅಂದಳು ಅಕ್ಕ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಅವತ್ತು ಸುಮ್ನೆ ಕೇಳ್ದೆ ಅಂದ್ರಲ್ಲ?" ಕೇಸ್ ಶೀಟಿನಲ್ಲಿ ಏನೋ ಬರೆದು ಹೊರಟುಹೋದರು.

ಅಕ್ಕ ನನ್ನನ್ನೇ ನೋಡಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ನೀನು ಎಷ್ಟು ದಿನಕ್ಕೊಂದು ತಗೊಳ್ತೀಯೇ?"

"ವಾರಕ್ಕೆ" ಅಂದೆ.

ಗೋಡೆಯ ಕಡೆ ಮುಖ ಮಾಡಿದಳು. ನೀರು ಬೇಕು ಅಂದಳು. ಲೋಟ ತುಂಬಿಸಿ ಹತ್ತಿರ ಹೋದೆ.

"ನೀನಲ್ಲ. ನರ್ಸನ್ನ ಕರಿ."

ಕರೆಯಲು ಹೊರಗೆ ಬಂದೆ. ಲೋಟ ಇನ್ನೂ ನನ್ನ ಕೈಯಲ್ಲೇ ಇದೆ. ನರ್ಸ್‌ಗೆ ಏನೆಂದು ಹೇಳಲಿ?