ಕೋಟೆಯ ಬೆನ್ನು ಕಾಣುವ ಕಿಟಕಿ

ಕೋಟೆಯ ಹಿಂಬದಿಯ ಹೋಟೆಲು, ಮೂರನೇ ಮಹಡಿ
ಗುರುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಗಳ ನಮಸ್ಕಾರ. ಕೆಮ್ಮು ಹೇಗಿದೆ? ಔಷಧಿ ಮುಗಿದ ಮೇಲೂ ಬಾಟಲಿಗೆ ನೀರು ಹಾಕಿ ಕುಲುಕಿ ಕುಡಿಯುತ್ತಾ ದಿನ ದೂಡಬೇಡ, ಹೊಸದು ತರಿಸಿಕೋ. ನನ್ನ ಅಂಗಡಿಯ ಬಾಗಿಲನ್ನು ಆಗಾಗ ತೆಗೆದಿಡು, ಇಲ್ಲದಿದ್ದರೆ ಬಟ್ಟೆಗೆಲ್ಲ ಮುಗ್ಗಲು ವಾಸನೆ ಹಿಡಿಯುತ್ತದೆ. ಮದುವೆ ಬಟ್ಟೆ ಹೊಲಿಯಲು ಕೊಟ್ಟಿರುವ ಟೀಚರಮ್ಮ ಬಂದರೆ, ತೋಳಿಗೆ ಅಂಚು ಇಡುವುದೊಂದೇ ಬಾಕಿ, ಮುಂದಿನ ವಾರ ಮಗಳು ಬಂದುಬಿಡುತ್ತಾಳೆ ಅಂತ ಹೇಳು. ಆಕೆ ಮೂಗು ಮುರಿದರೂ ಬಟ್ಟೆ ವಾಪಸು ಕೊಡಬೇಡ. ನನ್ನ ಫೋನು ಈ ದೇಶದಲ್ಲಿ ಕೆಲಸ ಮಾಡುವುದಿಲ್ಲ, ಅಣ್ಣನ ಫೋನಿನಲ್ಲಿ ಮಾತಾಡಿದರೆ ಅವನು ಪಕ್ಕದಲ್ಲೇ ನಿಂತಿರುತ್ತಾನೆ. ಅದಕ್ಕೇ ಈ ಕಾಗದ.

ತಂಗಿಗೆ ನದಿ ದಡದ ಕೋಟೆ ತೋರಿಸುತ್ತೇನೆ ಅಂತ ತಾನಿರುವ ದೇಶಕ್ಕೆ ಎಷ್ಟು ಅಕ್ಕರೆಯಿಂದ ಕರೆಸಿಕೊಂಡ ನೋಡು ನಿನ್ನ ಮಗ. ಬಂದ ದಿನ ನಿನ್ನ ಮೊಮ್ಮಗ ಗುಂಡ ನಿದ್ದೆ ಮಾಡುತ್ತಿದ್ದ. ನೀನು ಮಗು ಹತ್ತಿರ ಇರು, ನಾವು ಅರ್ಧ ಗಂಟೆಯಲ್ಲಿ ಬಂದೆವು ಅಂತ ಅಣ್ಣ, ಅತ್ತಿಗೆ ಹೋದವರು ಹೊತ್ತು ಮುಳುಗಿದ ಮೇಲೆ ಬಂದರು. ಮರುದಿನವೂ ಅದೇ ಕಥೆ. ಈ ಹೋಟೆಲಿನಲ್ಲಿ ಬೀಗದಕೈ ಅಂದರೆ ಒಂದು ಕಾರ್ಡು. ಅದನ್ನು ಗೋಡೆಯಲ್ಲಿ ಸಿಕ್ಕಿಸಿದರೇ ದೀಪ, ಫ್ಯಾನು. ಕೊಟ್ಟಿರುವುದು ಒಂದೇ, ಅದು ಅಣ್ಣನ ಜೇಬಿನಲ್ಲಿ. ಹೊರಗೆ ಕಾಲಿಟ್ಟರೆ ಬಾಗಿಲು ತಾನೇ ಹಾಕಿಕೊಳ್ಳುತ್ತದೆ, ಮತ್ತೆ ಒಳಗೆ ಬರುವ ಹಾಗಿಲ್ಲ. ಹೀಗಾಗಿ ಸೆಕೆಯಲ್ಲಿ ಗುಂಡನಿಗೆ ಪೇಪರಿನಿಂದ ಗಾಳಿ ಹಾಕುತ್ತಾ ಕಿಟಕಿಯ ಹತ್ತಿರ ಕೂತಿರುತ್ತೇನೆ. ಅಲ್ಲಿಂದ ಕಾಣುವುದು ಕೋಟೆಯ ಬೆನ್ನು. ಪಾಚಿ ಹಿಡಿದ ಗೋಡೆ, ಅದರ ಬುಡದಲ್ಲಿ ಕೆಂಪು ನೀರಿನ ನದಿ, ಒಂದು ಕಸದ ತೊಟ್ಟಿ. ಬಟ್ಟೆಯನ್ನು ತಿರುವಿ ಹೊಲಿಗೆಯ ಕಡೆಯಿಂದ ನೋಡಿದ ಹಾಗೆ. ರೂಮಿನಲ್ಲಿ ಕೂತೇ ಕೋಟೆ ಕಾಣುತ್ತಲ್ಲ, ನಿನ್ನ ಟಿಕೆಟ್ ಉಳಿಯಿತು ಅಂತ ಅಣ್ಣನ ತಮಾಷೆ ಬೇರೆ.

ನಿನ್ನೆ ನನಗೆ ತಲೆ ಚಿಟ್ಟು ಹಿಡಿಯಿತು. ಆದದ್ದಾಗಲಿ ಅಂತ ಗುಂಡನನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟೆ. ಕೋಟೆಯನ್ನು ಸುತ್ತು ಹಾಕಿ ಮುಂಬಾಗಿಲಿಗೆ ಹೋದರೆ, ಹೊರದೇಶದವರು ಪಾಸ್‌ಪೋರ್ಟ್ ತೋರಿಸಬೇಕು ಅಂದ ಟಿಕೆಟಿನವನು. ನನ್ನದು ಅಣ್ಣನ ಬ್ಯಾಗಿನಲ್ಲಿ. ಹೆಬ್ಬಾಗಿಲ ಮುಳ್ಳುಮೊಳೆ ನೋಡಿಕೊಂಡು ವಾಪಸು ಬಂದೆ. ರೂಮಿಗೂ ಹೋಗುವಂತಿಲ್ಲ, ಕೆಳಗಿನ ಸೋಫಾದಲ್ಲಿ ಅಳುವ ಮಗುವನ್ನು ತಟ್ಟುತ್ತಾ ಕೂತೆ. ಅಣ್ಣ ಬಂದವನೇ ಮಗುವನ್ನು ಬಿಸಿಲಿಗೆ ಒಯ್ದದ್ದಕ್ಕೆ ರೇಗಿದ. ನನ್ನ ಪಾಸ್‌ಪೋರ್ಟ್ ನನಗೆ ಕೊಡು ಅಂದೆ. ಅವನು ಏನೂ ಆಗದವನ ಹಾಗೆ, "ಈಗ್ಯಾಕೆ ನಿಂಗೆ? ಗುಂಡ ಸ್ಕೂಲಿಗೆ ಸೇರೋ ತನಕ ಇಲ್ಲೇ ನಮ್ಮನೇಲಿ ಇರ್ತೀಯಲ್ಲ. ಅಮ್ಮ ಆಗ್ಲೇ ಹೂಂ ಅಂದಿದಾಳೆ, ನಿನ್ನ ಮಷಿನ್ನಿಗೂ ಗಿರಾಕಿ ನೋಡಿದಾಳೆ" ಅಂದ.

ನಾನು ನಕ್ಕುಬಿಟ್ಟೆ. ನಮ್ಮಮ್ಮ ಹಾಗೆ ಹೇಳುವವಳಲ್ಲ ಅಂದೆ. ಅವನು ನಗಲಿಲ್ಲ, ಅತ್ತಿಗೆ ತಲೆಯೆತ್ತಲಿಲ್ಲ. ಆಗ ನನಗೆ ಭಯವಾಯಿತಮ್ಮಾ. ಅತ್ತಿಗೆ ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಮಗುವನ್ನು ನೋಡಿಕೊಳ್ಳುವವರಿಲ್ಲ. ಅವರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಗುಂಡನ ಮೇಲೂ ನನಗೆ ಜೀವವೇ, ಈಗಲೂ ನನ್ನ ತೊಡೆಯ ಮೇಲೇ ಮಲಗಿ ಜೊಲ್ಲು ಸುರಿಸುತ್ತಿದ್ದಾನೆ. ಆದರೆ ಅಷ್ಟು ವರ್ಷ ಬಾಗಿಲು ಹಾಕಿದ ಅಂಗಡಿಗೆ ಯಾವ ಗಿರಾಕಿ ತಿರುಗಿ ಬರುತ್ತಾರೆ? ಆ ಮಷಿನ್ನಿನ ಮುಂದೆ ಕೂತಾಗ ನಾನು ಯಾರ ತಂಗಿಯೂ ಅಲ್ಲ, ಯಾರ ಮನೆಯಲ್ಲಿ ಉಳಿದುಹೋದವಳೂ ಅಲ್ಲ, ಟೈಲರಮ್ಮ. ಅದು ಬಿಟ್ಟರೆ ನನ್ನದು ಅನ್ನುವುದು ಏನಿದೆ?

ಹಾಸಿಗೆ ಬಟ್ಟೆ ಬದಲಿಸಲು ಬರುವಾಕೆ ಇದನ್ನು ಅಂಚೆಗೆ ಹಾಕಲು ಒಪ್ಪಿದ್ದಾಳೆ. ಪಕ್ಕದ ಮನೆ ಅಜ್ಜಿಗೆ ನಾನು ಕೇಳಿದೆ ಅಂತ ಹೇಳು. ತಣ್ಣೀರು ಕುಡಿಯಬೇಡ, ಬೆಚ್ಚಗಿರು.

ನಿನ್ನ ಬಾಯಿಬಡಕಿ ಮಗಳು

ಇದನ್ನು ಎರಡು ಸಲ ಓದು: ಕಾಗದ ತಲುಪಿದ ಮೇಲೆ ಬರುವ ಭಾನುವಾರ ಅಣ್ಣ ಎಂದಿನಂತೆ ಫೋನ್ ಮಾಡುತ್ತಾನೆ. ನನ್ನ ಮಾತು ಅವನ ಕಿವಿಗೆ ಹೋಗುವುದಿಲ್ಲ, ನಿನ್ನದನ್ನು ಅವನು ಮೀರುವುದಿಲ್ಲ. "ಅವಳನ್ನು ಕಳಿಸು" ಅನ್ನು, ಅಷ್ಟೇ ಸಾಕು. ನೀನು ಹೂಂ ಅಂದದ್ದು ಹೌದೋ ಅಲ್ಲವೋ, ಈ ಸೆಕೆಗಾಲದಲ್ಲಿ ಒಂದು ವಾರದ ಪ್ರವಾಸಕ್ಕೆ ಪೆಟ್ಟಿಗೆಯ ತಳದಲ್ಲಿ ನನ್ನ ಎರಡೂ ಸ್ವೆಟರ್ ಯಾಕೆ ಇಟ್ಟೆ, ಅದೊಂದನ್ನೂ ನಾನು ಯಾವತ್ತೂ ಕೇಳುವುದಿಲ್ಲ. ಕಳಿಸು ಅನ್ನಮ್ಮಾ.