ಕಶ್ಯಪನ ಕೈಗೆ ಕೊಟ್ಟ ಹುರಿಹಿಟ್ಟು

ಸ್ಪಂದನಾ,

ನಿನ್ನ ಜೊತೆ ಪರಿಹಾರದ ಸಾಮಾನು ಹೊತ್ತು ಗಡಿ ದಾಟುತ್ತಿದ್ದ ಕಶ್ಯಪ್ ಇವತ್ತು ಚಂದ್ರಾ ಲೇಔಟಿನ ಮನೆಗೆ ಬಂದಿದ್ದ. ಯುದ್ಧಕ್ಕೆ ಹೆದರಿ ಮನೆ ಬಿಟ್ಟವರ ಶಿಬಿರಕ್ಕೆ ನಾಳೆ ಮತ್ತೆ ಹೊರಟಿದ್ದಾನೆ, ನೀನಿದ್ದ ಲಾರಿಗೆ ಬಾಂಬು ಬಿದ್ದ ಅದೇ ದಾರಿಯಲ್ಲಿ. ರಾಗಿ ಹುರಿಹಿಟ್ಟು ಮಾಡಿಟ್ಟಿದ್ದೆ.

"ಒಳ್ಳೇದಾಯ್ತು ಆಂಟಿ, ಅಲ್ಲಿ ಒಲೆ ಹಚ್ಚೋಕೂ ಆಗಲ್ಲ. ನೀವು ಕೊಟ್ಟಿದ್ದನ್ನೆಲ್ಲ ಸ್ಪಂದನಾ ನೀರಲ್ಲಿ ಕಲಸಿ ಮಕ್ಕಳಿಗೆ ತಿನ್ನಿಸಿಬಿಡೋಳು. 'ನಮ್ಮಮ್ಮಂಗೆ ಹೇಳಿದ್ರೆ ನೋಡು' ಅಂತ ನನ್ನನ್ನೇ ಹೆದರಿಸೋಳು," ಎಂದು ನಕ್ಕ. ನಾನೂ ನಕ್ಕೆ.

ಹೋಗಬೇಡ ಎನ್ನಲು ಬಾಯಿ ಬರಲಿಲ್ಲ. ಸ್ಟೀಲ್ ಡಬ್ಬಿಗೆ ತುಂಬಿಕೊಟ್ಟು, "ಡಬ್ಬಿ ನೀನೇ ವಾಪಸ್ ತಂದ್ಕೊಡ್ಬೇಕು ಕಣಪ್ಪ, ಬೇರೆಯವ್ರ ಕೈಲಿ ಕಳಿಸ್ಬೇಡ," ಎಂದೆ.

ಕೊನೆಯ ಸಲ ನೀನು ಹೊರಟಾಗ, ನಿನಗೆ ಭಾರವಾಗದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದೆ. ವಾಪಸ್ ತಾ ಎಂದು ಹೇಳಲು ಏನೂ ಇರಲಿಲ್ಲ.

ಅಮ್ಮ