ಹುಳಿ ಹಿಟ್ಟಿನ ಡಬ್ಬಿ

ಗ್ರೋನಿಂಗನ್, ನೆದರ್‌ಲ್ಯಾಂಡ್ಸ್, ಮಾರ್ಚ್ 2022

ಅಚೋಲ್,

ನಿನಗೆ ಕನ್ನಡ ಓದೋಕೆ ಬರಲ್ಲ, ನಿನ್ನ ಹೊಸ ವಿಳಾಸ ನನಗೆ ಗೊತ್ತಿಲ್ಲ. ಅದಕ್ಕೇ ಬಾಯ್ತುಂಬ ಬೈಯೋಣ ಅಂತ ಕೂತಿದೀನಿ.

ಮೊದಲ ಲಾಕ್‌ಡೌನಿನಲ್ಲಿ ನಮ್ಮನ್ನ ಸೇರಿಸಿದ್ದೇ ಜೋಳ. ನಾನು ರೊಟ್ಟಿ ಬಡಿದರೆ, ಎದುರು ಮನೆಯಲ್ಲಿ ನೀನು ಅದೇ ಜೋಳದ ಹುಳಿ ಹಿಟ್ಟಿನಿಂದ ಕಿಸ್ರಾ ಹುಯ್ಯುತ್ತಿದ್ದೆ, ದಕ್ಷಿಣ ಸುಡಾನಿನಲ್ಲಿ ನಿಮ್ಮಮ್ಮ ಕಲಿಸಿದ ಹಾಗೆ, ಕಾಗದದಷ್ಟು ತೆಳ್ಳಗೆ. ನಂಚಿಕೊಳ್ಳೋಕೆ ಒಣಬೆಂಡೆ ಪುಡಿ, ಶೇಂಗಾ ಹಾಕಿದ ಸಾರು.

ಕೋವಿಡ್ ಆಗಿ ಆಸ್ಪತ್ರೆಗೆ ಹೋಗುವಾಗ ನೀನು ನನ್ನ ಕೈಗೆ ಕೀಲಿ ಕೊಟ್ಟು, ಅಡುಗೆಮನೆ ನೋಡ್ಕೋ ಅಂದೆ. ಡಬ್ಬಿಯಲ್ಲಿದ್ದ ಹಿಟ್ಟು ಹುಳಿ ನಾತ ಹೊಡೀತಿತ್ತು. ಕೆಟ್ಟಿದೆ ಅಂತ ಚೆಲ್ಲಿ, ಡಬ್ಬಿ ಥಳಥಳ ಬೆಳಗಿಟ್ಟೆ. ಅದು ಮುಂದಿನ ಹಿಟ್ಟಿಗೆ ಹೆಪ್ಪು, ವರ್ಷಗಟ್ಟಲೆ ಉಳಿಸಿಕೊಂಡು ಬಂದಿದ್ದು ಅಂತ ನನಗೇನು ಕನಸು ಬಿದ್ದಿತ್ತಾ? ನಿನ್ನ ಮಗಳು ಆಮೇಲೆ ಹೇಳಿದಳು. ನೀನು ಮಾತ್ರ “ಡಾಂಕ್ ಯೆ ವೆಲ್” ಅಂತ ಡಚ್ಚಿನಲ್ಲಿ ಥ್ಯಾಂಕ್ಸ್ ಅಂದೆ, ಅಷ್ಟೆ. ಮನೆ ಬಿಡೋವರೆಗೂ ಮಾತಿಲ್ಲ. ಒಂದು ಸಲ ಕಿರುಚಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ವರ್ಷ ಒದ್ದಾಡಿ ನಾನೇ ಹಿಟ್ಟು ಹುಳಿ ಬರಿಸೋದು ಕಲಿತೆ. ಮೊನ್ನೆ ಮೊದಲ ಸಲ ಕಿಸ್ರಾ ಹರಿಯದೆ ಎದ್ದು ಬಂತು. ನಿನ್ನನ್ನ ಹುಡುಕಿ ಕೊಡೋಣ ಅಂತ ಎರಡು ಸೌಟು ಹಿಟ್ಟು ಹೆಪ್ಪಿಗೆ ಎತ್ತಿಟ್ಟೆ.

ಇವತ್ತು ಬೆಳಿಗ್ಗೆ ನನ್ನ ಗಂಡ ಶರಣ್ ಬಂದು, “ಡಬ್ಬ್ಯಾಗ ಏನೋ ಹಳಸಿ ನಾರಾಕತ್ತಿತ್ತು. ಚೆಲ್ಲಿ, ತೊಳದಿಟ್ಟೀನಿ ನೋಡು” ಅಂದ. ಮುಖದಲ್ಲಿ ಹೆಮ್ಮೆ ಬೇರೆ.

ಕಿರುಚೋಕೆ ಅಂತಲೇ ಬಾಯಿ ತೆರೆದೆ.

“ಥ್ಯಾಂಕ್ಸ್” ಅಂದೆ, ಅಷ್ಟೆ.

ವೈಶಾಲಿ